ಶಾಸನದ ಮೂಲ

ಋಷಿಮೂಲವನ್ನೂ ನದಿಮೂಲವನ್ನೂ ಹುಡುಕಬಾರದೆಂಬ ಮಾತು ಕನ್ನಡ ನಾಡಿನಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಋಷಿಯ ಹಿರಿಮೆಯು ಅವನ ತಪಸ್ಸಿನಲ್ಲಿದೆ, ಹುಟ್ಟಿನಲ್ಲಿಲ್ಲ. ನದಿಯ ಹಿರಿಮೆಯು ಅದು ಹಸನುಗೊಳಿಸುವ ನೆಲದಲ್ಲಿದೆ, ಅದು ಒಸರುವ ಕಲ್ಲಿನ ಸಂದಿಯಲ್ಲಿಲ್ಲ. ಅಷ್ಟರಮಟ್ಟಿಗೆ ಆ ಮಾತು ಸರಿ. ಆದರೆ ಜನರ ಮನೆ, ಹೊಲ, ಹಣ, ಹಕ್ಕುಗಳನ್ನೆಲ್ಲ ನಿಯಂತ್ರಿಸುವ ಕಾನೂನಿನ ವಿಷಯದಲ್ಲಿ ಈ ಮಾತು ಸಲ್ಲದು. ಕಾನೂನಿನ ಮೂಲವನ್ನು ಕೇಳಲೇಬೇಕು. ಅದು ಯಾವ ಕೊರತೆಯನ್ನು ನೀಗಲು ಹುಟ್ಟಿತು, ಯಾರು ಅದನ್ನು ಬೇಡಿದರು, ಯಾರು ವಿರೋಧಿಸಿದರು, ಮೊದಲ ಕರಡಿನಲ್ಲಿದ್ದ ಯಾವ ಮಾತು ಕೊನೆಗೆ ಉಳಿಯಿತು, ಯಾವುದು ಅಳಿಯಿತು ಎಂಬುದನ್ನು ತಿಳಿಯದೆ ಕಾನೂನನ್ನು ಓದಿದವನು ಅದರ ಅಕ್ಷರವನ್ನಷ್ಟೇ ಓದಿದಂತಾಗುತ್ತದೆ.

ಕನ್ನಡದಲ್ಲಿ ಶಾಸನವೆಂಬ ಒಂದೇ ಪದಕ್ಕೆ ಎರಡು ಅರ್ಥಗಳಿವೆ. ಕಲ್ಲಿನಲ್ಲಿ ಕೊರೆದ ಬರಹವೂ ಶಾಸನವೇ, ಶಾಸಕಾಂಗವು ಮಾಡಿದ ಕಾನೂನೂ ಶಾಸನವೇ. ಕಾರ್ಕಳದ ಬೆಟ್ಟದ ಮೇಲೆ ನಿಂತಿರುವ ಗೊಮ್ಮಟ ಮೂರ್ತಿಯ ಬಳಿ ಇರುವ ಶಿಲಾಶಾಸನವನ್ನು ಓದಬಲ್ಲವರಿಗೆ ಆ ಮೂರ್ತಿಯ ಮೂಲವು ಅಲ್ಲಿಯೇ ದೊರೆಯುತ್ತದೆ. ಭೈರವ ವಂಶದ ವೀರಪಾಂಡ್ಯನು ಗುರು ಲಲಿತಕೀರ್ತಿಯವರ ಉಪದೇಶದಂತೆ 1432ರಲ್ಲಿ ಅದನ್ನು ಪ್ರತಿಷ್ಠಾಪಿಸಿದನೆಂಬುದು ಅದರಿಂದ ತಿಳಿದುಬರುತ್ತದೆ. ಮಾಡಿಸಿದವನು, ಪ್ರೇರಿಸಿದವನು, ಕಾಲ ಈ ಮೂರೂ ಒಂದೇ ಕಲ್ಲಿನಲ್ಲಿವೆ. ಇಂದಿನ ಶಾಸನದ ರೀತಿಯೇ ಬೇರೆ. ಸಂಸತ್ತಿನ ಅಧಿನಿಯಮವು ತನ್ನ ಸಂಖ್ಯೆಯನ್ನೂ ವರ್ಷವನ್ನೂ ಹೇಳುತ್ತದೆ; ತನ್ನ ಉದ್ದೇಶವನ್ನು ಒಂದೆರಡು ಸಾಲುಗಳಲ್ಲಿ ಸೂಚಿಸುತ್ತದೆ. ತಾನು ಹುಟ್ಟುವಾಗ ನಡೆದ ವಾದವಿವಾದಗಳನ್ನು ಮಾತ್ರ ಅದು ಹೇಳುವುದಿಲ್ಲ. ಆ ಕಥೆಯು ಬೇರೆ ಕಡತಗಳಲ್ಲಿ, ಬೇರೆ ಊರುಗಳಲ್ಲಿ ಚದುರಿಹೋಗಿರುತ್ತದೆ. ಅದನ್ನು ಹುಡುಕಿ ಜೋಡಿಸುವುದೇ ಶಾಸನದ ಇತಿಹಾಸದ ಸಂಶೋಧನೆ.

ಈ ಸಂಶೋಧನೆಗೆ ಬೇಕಾದ ಸಾಮಗ್ರಿ ಯಾವುದೆಂಬುದನ್ನು ಅರಿಯಲು, ಕಾನೂನು ಹೇಗೆ ಹುಟ್ಟುತ್ತದೆಂಬುದನ್ನು ಮೊದಲು ನೋಡಬೇಕು. ಕಾನೂನಿನ ಕರಡಿಗೆ ಮಸೂದೆ ಎಂದು ಹೆಸರು. ಮಸೂದೆಯನ್ನು ಸದನದಲ್ಲಿ ಮಂಡಿಸುವಾಗ ಅದರೊಡನೆ ಉದ್ದೇಶ ಮತ್ತು ಕಾರಣಗಳ ಹೇಳಿಕೆಯೊಂದು ಇರುತ್ತದೆ. ಇದುವರೆಗಿನ ಕಾನೂನಿನಲ್ಲಿ ಏನು ಕೊರತೆಯಿದೆ, ಹೊಸ ಕಾನೂನು ಏಕೆ ಬೇಕು ಎಂಬುದನ್ನು ಅದು ತಿಳಿಸುತ್ತದೆ. ಮಹತ್ವದ ಮಸೂದೆಯಾದರೆ ಅದನ್ನು ಸಮಿತಿಯೊಂದಕ್ಕೆ ಒಪ್ಪಿಸುತ್ತಾರೆ. ಒಂದೇ ಸದನದ ಸದಸ್ಯರಿದ್ದರೆ ಅದು ಪ್ರವರ ಸಮಿತಿ. ಎರಡೂ ಸದನಗಳ ಸದಸ್ಯರಿದ್ದರೆ ಜಂಟಿ ಸಮಿತಿ. ಸಮಿತಿಯು ಮಸೂದೆಯ ಒಂದೊಂದು ಖಂಡವನ್ನೂ ಪರಿಶೀಲಿಸಿ ವರದಿ ಕೊಡುತ್ತದೆ. ಒಪ್ಪದ ಸದಸ್ಯರು ತಮ್ಮ ಭಿನ್ನಮತವನ್ನು ಬರೆದಿಡುತ್ತಾರೆ. ಅನಂತರ ಸದನದಲ್ಲಿ ಚರ್ಚೆ, ತಿದ್ದುಪಡಿ, ಮತದಾನ. ಇನ್ನೊಂದು ಸದನದಲ್ಲಿಯೂ ಇದೇ ಕ್ರಮ. ಕೊನೆಗೆ ರಾಷ್ಟ್ರಪತಿಗಳ ಅಂಕಿತ, ರಾಜ್ಯಪತ್ರದಲ್ಲಿ ಪ್ರಕಟಣೆ. ಈ ಒಂದೊಂದು ಮೆಟ್ಟಿಲಿನಲ್ಲಿಯೂ ಒಂದೊಂದು ದಾಖಲೆ ಉಳಿಯುತ್ತದೆ.

ಸಂಶೋಧಕನು ಈ ದಾರಿಯಲ್ಲಿ ಹಿಂದುಮುಂದಾಗಿ ನಡೆಯುತ್ತಾನೆ. ಅಳಿವೆಯಿಂದ ಹೊರಟು ಘಟ್ಟದ ಕಡೆಗೆ ದೋಣಿ ನಡೆಸಿದಂತೆ, ಇಂದು ಜಾರಿಯಲ್ಲಿರುವ ಕಲಮಿನಿಂದ ತೊಡಗಿ ಅದರ ತಿದ್ದುಪಡಿಗಳಿಗೆ, ಅಲ್ಲಿಂದ ಮೂಲ ಅಧಿನಿಯಮಕ್ಕೆ, ಅದರಿಂದ ಸದನದ ಚರ್ಚೆಗೆ, ಸಮಿತಿಯ ವರದಿಗೆ, ಮಸೂದೆಗೆ ತಲಪುತ್ತಾನೆ. ಅಧಿನಿಯಮದ ಸಂಖ್ಯೆ ಮತ್ತು ವರ್ಷವೇ ಅವನ ಮೊದಲ ಕೈದೀಪ. ಅದು ತಿಳಿದರೆ ಮಸೂದೆಯ ಹೆಸರು ತಿಳಿಯುತ್ತದೆ. ಅದು ತಿಳಿದರೆ ಚರ್ಚೆ ನಡೆದ ದಿನ ತಿಳಿಯುತ್ತದೆ.

ಇದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದುಂಟು. ಈ ಕಾನೂನು ಯಾರದು? ಭಾರತದ ಸಂವಿಧಾನದ ಏಳನೆಯ ಅನುಸೂಚಿಯು ಶಾಸನ ಮಾಡುವ ಅಧಿಕಾರವನ್ನು ಮೂರು ಪಟ್ಟಿಗಳಲ್ಲಿ ಹಂಚಿದೆ. ಭೂಮಿಯು ರಾಜ್ಯಪಟ್ಟಿಯಲ್ಲಿದೆ. ಆದ್ದರಿಂದ ಕಾಪುವಿನ ಗೇಣಿದಾರನು ತಾನು ಉಳುತ್ತಿದ್ದ ಗದ್ದೆಗೆ ಒಡೆಯನಾದ ಬಗೆಯನ್ನು ಅರಿಯಬೇಕಾದರೆ, 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯ ಚರ್ಚೆಗಳನ್ನು ಬೆಂಗಳೂರಿನ ವಿಧಾನಮಂಡಲದ ದಾಖಲೆಗಳಲ್ಲಿ ಹುಡುಕಬೇಕು. ಬ್ಯಾಂಕಿನ ವ್ಯವಹಾರವು ಕೇಂದ್ರಪಟ್ಟಿಯಲ್ಲಿದೆ. ಮಣಿಪಾಲದ ಬ್ಯಾಂಕು ಸರ್ಕಾರದ ಸ್ವತ್ತಾದ ಬಗೆಯನ್ನು ಅರಿಯಲು ದೆಹಲಿಯ ದಾಖಲೆಗಳೇ ಬೇಕು. ಉತ್ತರಾಧಿಕಾರ, ಉಯಿಲು, ಅವಿಭಕ್ತ ಕುಟುಂಬ, ವಿಭಾಗ ಇವು ಸಮವರ್ತಿ ಪಟ್ಟಿಯಲ್ಲಿವೆ. ಇವುಗಳ ಬಗೆಗೆ ಕೇಂದ್ರವೂ ರಾಜ್ಯವೂ ಶಾಸನ ಮಾಡಬಹುದು. ಕಾರ್ಕಳದ ಹಳೆಯ ಮನೆತನವೊಂದರ ಆಸ್ತಿಯ ಪ್ರಶ್ನೆ ಎದ್ದಾಗ ಎರಡೂ ಕಡೆ ನೋಡಬೇಕಾಗುವುದು ಈ ಕಾರಣದಿಂದ.

ಇವುಗಳಲ್ಲಿ ಕೊನೆಯ ಪ್ರಶ್ನೆಯನ್ನೇ ತುಸು ವಿವರವಾಗಿ ನೋಡಬಹುದು. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮವು ದೇಶದ ಕೋಟ್ಯಂತರ ಜನರಿಗೆ ಅನ್ವಯಿಸುವ ಕೇಂದ್ರ ಶಾಸನ. ಅದರ ಏಳನೆಯ ಕಲಮಿನ ಎರಡನೆಯ ಉಪಕಲಮನ್ನು ತೆರೆದವರಿಗೆ ಎರಡು ಪದಗಳು ಕಣ್ಣಿಗೆ ಬೀಳುತ್ತವೆ. ಅವು 'ಕುಟುಂಬ' ಮತ್ತು 'ಕವರು'. ಕುಟುಂಬವೆಂಬುದು ಎಲ್ಲರಿಗೂ ಪರಿಚಿತವಾದ ಪದ. ಕವರು ಎಂಬುದು ತುಳುನಾಡಿನ ಹೊರಗೆ ಹೆಚ್ಚಿನವರು ಕೇಳದ ಪದ. ಇಂಗ್ಲಿಷಿನಲ್ಲಿ ರಚಿತವಾದ ಕೇಂದ್ರ ಶಾಸನದೊಳಗೆ ಉಡುಪಿ, ಕಾಪು, ಕಾರ್ಕಳಗಳ ಮನೆಮಾತು ಹೇಗೆ ಬಂದು ಸೇರಿತು? ಈ ಒಂದು ಪ್ರಶ್ನೆಯನ್ನು ಹಿಡಿದು ಹೊರಟರೆ ನೂರು ವರ್ಷಗಳಿಗೂ ಮೀರಿದ ಇತಿಹಾಸವು ಬಿಚ್ಚಿಕೊಳ್ಳುತ್ತದೆ.

ತುಳುನಾಡಿನಲ್ಲಿ ಆಸ್ತಿಯ ಹಕ್ಕಿಗೆ ಸಂಬಂಧಿಸಿದಂತೆ ಎರಡು ಪದ್ಧತಿಗಳು ರೂಢಿಯಲ್ಲಿದ್ದವು. ತಂದೆಯಿಂದ ಮಕ್ಕಳಿಗೆ ಆಸ್ತಿ ಸಲ್ಲುವುದು ಮಕ್ಕಳಕಟ್ಟು. ತಾಯಿಯ ಸಂತತಿಯಲ್ಲಿ ಆಸ್ತಿ ಸಾಗುವುದು ಅಳಿಯಕಟ್ಟು. ಇದಕ್ಕೇ ಅಳಿಯಸಂತಾನವೆಂದೂ ಹೆಸರು. ಬಂಟರು, ಬಿಲ್ಲವರು, ಜೈನರಲ್ಲಿ ಹಲವರು ಮತ್ತು ಇತರ ಕೆಲವು ಸಮುದಾಯದವರು ಈ ಎರಡನೆಯ ಪದ್ಧತಿಯನ್ನು ಅನುಸರಿಸುತ್ತಿದ್ದರು. ಭೂತಾಳ ಪಾಂಡ್ಯನೆಂಬ ಅರಸನು ಇದನ್ನು ಆರಂಭಿಸಿದನೆಂದು ಜನರಲ್ಲಿ ಐತಿಹ್ಯವಿದೆ. ಅಳಿಯಸಂತಾನದಲ್ಲಿ ಒಬ್ಬ ಮೂಲಸ್ತ್ರೀಯಿಂದ ಹೆಣ್ಣುಮಕ್ಕಳ ಮೂಲಕ ಇಳಿದುಬಂದವರೆಲ್ಲ ಸೇರಿ ಒಂದು ಕುಟುಂಬ. ಅದರೊಳಗೆ ಒಬ್ಬ ಹೆಂಗಸು, ಅವಳ ಮಕ್ಕಳು, ಅವಳ ಹೆಣ್ಣುಮಕ್ಕಳ ಸಂತತಿ ಸೇರಿದರೆ ಅದು ಒಂದು ಕವರು. ಮರವು ಕುಟುಂಬವಾದರೆ ಕವರು ಅದರ ಕೊಂಬೆ. ಮನೆತನದ ಆಡಳಿತವು ಯಜಮಾನನ ಅಥವಾ ಯಜಮಾನ್ತಿಯ ಕೈಯಲ್ಲಿರುತ್ತಿತ್ತು. ಗಂಡಸು ತಾನು ಹುಟ್ಟಿದ ಕುಟುಂಬದ ಸದಸ್ಯ. ಅವನ ಮಕ್ಕಳು ಅವರ ತಾಯಿಯ ಕುಟುಂಬದ ಸದಸ್ಯರು. ಆದ್ದರಿಂದ ಅವನು ತೀರಿಕೊಂಡರೆ ಕುಟುಂಬದ ಆಸ್ತಿಯಲ್ಲಿ ಅವನಿಗಿದ್ದ ಹಕ್ಕು ಅವನ ಸ್ವಂತ ಮಕ್ಕಳಿಗೆ ಬರುತ್ತಿರಲಿಲ್ಲ. ಅದು ಅವನ ತಾಯಿಯ ಮನೆಯಲ್ಲಿಯೇ ಉಳಿದು, ಅಕ್ಕತಂಗಿಯರ ಮಕ್ಕಳಿಗೆ ಸಲ್ಲುತ್ತಿತ್ತು.

ಈ ಪದ್ಧತಿಯು ಹೆಣ್ಣಿಗೆ ಹುಟ್ಟಿದ ಮನೆಯಲ್ಲಿ ಗಟ್ಟಿಯಾದ ನೆಲೆಯನ್ನು ಕೊಟ್ಟಿತೆಂಬುದು ನಿಜ. ಗಂಡನನ್ನು ಕಳೆದುಕೊಂಡವಳು ತವರಿನಲ್ಲಿ ಹಂಗಿನವಳಾಗಿ ಇರಬೇಕಾಗಿರಲಿಲ್ಲ. ಆ ಮನೆ ಅವಳದೇ ಆಗಿತ್ತು. ಆದರೆ ಕಾಲ ಬದಲಾದಂತೆ ಇಕ್ಕಟ್ಟುಗಳೂ ತಲೆದೋರಿದವು. ಕುಟುಂಬಗಳು ಬೆಳೆದು ನೂರಾರು ಜನರಾದರು. ಆದರೂ ಎಲ್ಲರ ಒಪ್ಪಿಗೆ ಇಲ್ಲದೆ ಆಸ್ತಿಯನ್ನು ವಿಭಾಗಿಸುವಂತಿರಲಿಲ್ಲ. ಮದರಾಸಿನ ಉಚ್ಚ ನ್ಯಾಯಾಲಯವು 1863ರಲ್ಲಿಯೇ ಈ ನಿಯಮವನ್ನು ಎತ್ತಿಹಿಡಿದಿತ್ತು. ದುಡಿದು ಸಂಸಾರ ಸಾಕುವ ತಂದೆಗೆ ತನ್ನ ಮಕ್ಕಳ ಮುಂದಿನ ಬದುಕಿನ ಚಿಂತೆ. ಯಜಮಾನನನ್ನು ನಂಬಿ ಕುಳಿತ ಕಿರಿಯರಿಗೆ ಆಡಳಿತದ ಬಗೆಗೆ ಸಂಶಯ. ಈ ಒತ್ತಡಗಳ ಫಲವಾಗಿ 1949ರಲ್ಲಿ ಮದರಾಸು ಅಳಿಯಸಂತಾನ ಅಧಿನಿಯಮವು ಹುಟ್ಟಿತು. ಅಂದು ದಕ್ಷಿಣ ಕನ್ನಡ ಜಿಲ್ಲೆಯು ಮದರಾಸು ಪ್ರಾಂತ್ಯದಲ್ಲಿತ್ತು. ಈ ಅಧಿನಿಯಮವು ಕವರುಗಳಿಗೆ ವಿಭಾಗವನ್ನು ಕೇಳುವ ಹಕ್ಕನ್ನು ಕೊಟ್ಟಿತು. ಆದರೆ ಐವತ್ತು ವರ್ಷ ತುಂಬದ ಒಬ್ಬ ಹೆಂಗಸಾದರೂ ಇರುವ ಕವರನ್ನು ಮಾತ್ರ ಸಂತತಿ ಕವರೆಂದು ಎಣಿಸಿತು. ಉಳಿದವು ನಿಸ್ಸಂತತಿ ಕವರುಗಳು. ಕುಟುಂಬದಲ್ಲಿ ಸಂತತಿ ಕವರು ಇರುವಾಗ ನಿಸ್ಸಂತತಿ ಕವರಿಗೆ ದೊರೆಯುತ್ತಿದ್ದುದು ಜೀವಿತಾವಧಿಯ ಹಕ್ಕು ಮಾತ್ರ. ತಾಯಿಯ ಸಂತತಿಯಿಂದ ಆಸ್ತಿಯು ಹೊರಹೋಗಬಾರದೆಂಬ ಹಳೆಯ ನ್ಯಾಯವು ಹೊಸ ಕಾನೂನಿನೊಳಗೂ ಹೀಗೆ ಉಳಿದುಕೊಂಡಿತು.

ಇತ್ತ ದೆಹಲಿಯಲ್ಲಿ ಬೇರೊಂದು ದೊಡ್ಡ ಪ್ರಯತ್ನವು ನಡೆದಿತ್ತು. ದೇಶದ ಹಿಂದೂಗಳಿಗೆಲ್ಲ ಒಂದೇ ಬಗೆಯ ಕೌಟುಂಬಿಕ ಕಾನೂನನ್ನು ರೂಪಿಸುವುದು ಅದರ ಗುರಿ. 1941ರಲ್ಲಿ ನೇಮಕಗೊಂಡು 1944ರಲ್ಲಿ ಮತ್ತೆ ಜೀವ ಪಡೆದ ಹಿಂದೂ ಕಾನೂನು ಸಮಿತಿಗೆ ಬೆನೆಗಲ್ ನರಸಿಂಗ ರಾಯರು ಅಧ್ಯಕ್ಷರಾಗಿದ್ದರು. ಅವರು 1887ರಲ್ಲಿ ದಕ್ಷಿಣ ಕನ್ನಡ ಜಿಲ್ಲೆಯಲ್ಲಿಯೇ ಜನಿಸಿದವರು. ಮುಂದೆ ಸಂವಿಧಾನ ರಚನಾ ಸಭೆಯ ಸಲಹೆಗಾರರಾಗಿ ದೇಶದ ಸಂವಿಧಾನದ ಮೊದಲ ಕರಡನ್ನು ಸಿದ್ಧಪಡಿಸಿದವರು. ಅವರ ಸಮಿತಿಯು ದೇಶದ ಪ್ರಮುಖ ನಗರಗಳಿಗೆ ಹೋಗಿ ಪರ ವಿರೋಧ ಎರಡೂ ಬಗೆಯ ಸಾಕ್ಷ್ಯಗಳನ್ನು ಕೇಳಿತು. ಅನಂತರ ಡಾ. ಬಿ. ಆರ್. ಅಂಬೇಡ್ಕರರು ಕಾನೂನು ಮಂತ್ರಿಗಳಾಗಿ ಹಿಂದೂ ಸಂಹಿತೆಯ ಮಸೂದೆಗಾಗಿ ಹೋರಾಡಿದರು. ವಿರೋಧದಿಂದ ಅದು ಮುಂದೆ ಸಾಗದಾದಾಗ 1951ರಲ್ಲಿ ಮಂತ್ರಿಪದವಿಗೆ ರಾಜೀನಾಮೆ ಕೊಟ್ಟರು. ಮಸೂದೆಯು ಸಾಯಲಿಲ್ಲ. ಅದನ್ನು ಭಾಗಗಳಾಗಿ ಒಡೆದು ಒಂದೊಂದಾಗಿ ತರಲಾಯಿತು. ಉತ್ತರಾಧಿಕಾರದ ಮಸೂದೆಯು 1954ರ ಡಿಸೆಂಬರಿನಲ್ಲಿ ರಾಜ್ಯಸಭೆಯಲ್ಲಿ ಮಂಡಿತವಾಗಿ, ಜಂಟಿ ಸಮಿತಿಯ ಪರಿಶೀಲನೆಗೆ ಒಳಗಾಗಿ, 1956ರ ಜೂನ್ 17ರಂದು ರಾಷ್ಟ್ರಪತಿಗಳ ಅಂಕಿತವನ್ನು ಪಡೆಯಿತು. ಅದು ಆ ವರ್ಷದ 30ನೆಯ ಅಧಿನಿಯಮ.

ಈ ಅಧಿನಿಯಮದ ಏಳನೆಯ ಕಲಮಿನಲ್ಲಿಯೇ ತುಳುನಾಡಿನ ಪದಗಳು ಬಂದಿವೆ. ಅಳಿಯಸಂತಾನಕ್ಕೆ ಸೇರಿದ ವ್ಯಕ್ತಿಯು ಕುಟುಂಬದ ಅಥವಾ ಕವರಿನ ಆಸ್ತಿಯಲ್ಲಿ ಅವಿಭಕ್ತ ಹಕ್ಕನ್ನು ಹೊಂದಿರುವಾಗ ತೀರಿಕೊಂಡರೆ, ಆ ಹಕ್ಕು ಇನ್ನು ಮುಂದೆ ಈ ಅಧಿನಿಯಮದಂತೆ ಸಾಗತಕ್ಕದ್ದೆಂದು ಅಲ್ಲಿ ಹೇಳಿದೆ. ಅವನು ಅಥವಾ ಅವಳು ಸಾಯುವ ಕ್ಷಣಕ್ಕೆ ಮುಂಚೆ ಬದುಕಿದ್ದ ಸದಸ್ಯರೆಲ್ಲರಿಗೆ ತಲೆಗೊಂದು ಪಾಲಿನಂತೆ ವಿಭಾಗವಾಗಿದ್ದರೆ ಎಷ್ಟು ಬರುತ್ತಿತ್ತೋ ಅಷ್ಟೂ ಆ ವ್ಯಕ್ತಿಗೆ ಪೂರ್ಣ ಹಕ್ಕಿನಿಂದ ಸಂದಿದೆಯೆಂದೇ ಭಾವಿಸಬೇಕೆಂಬ ವಿವರಣೆಯೂ ಅಲ್ಲಿದೆ. ಹೀಗೆ ಗಂಡಸಿನ ಪಾಲು ಅವನ ತಾಯಿ, ಹೆಂಡತಿ ಮತ್ತು ಮಕ್ಕಳಿಗೆ ಬರುವಂತಾಯಿತು. ಒಂದು ಮನೆಯ ಮಕ್ಕಳಿಗೆ ನ್ಯಾಯವೆನಿಸಿದುದು ಇನ್ನೊಂದು ಮನೆಯ ಅಳಿಯಂದಿರಿಗೆ ನಷ್ಟವೆನಿಸಿತು. ಇಂತಹ ಬದಲಾವಣೆಯು ಯಾವ ಕಾರಣದಿಂದ ಬಂದಿತೆಂದು ಕೇಳುವ ಹಕ್ಕು ಇಬ್ಬರಿಗೂ ಉಂಟು.

ಈ ಶಾಸನದಿಂದ ಅಳಿಯಸಂತಾನವು ಅಂದೇ ಅಳಿದುಹೋಯಿತೆಂದು ಹೇಳುವವರುಂಟು. ಅದರಿಂದ ಏನೂ ಬದಲಾಗಲಿಲ್ಲವೆಂದು ಹೇಳುವವರೂ ಉಂಟು. ಎರಡೂ ಕೇಳಿದ ಮಾತುಗಳೇ ಹೊರತು ಓದಿದ ಮಾತುಗಳಲ್ಲ. ಅಧಿನಿಯಮದ ಹದಿನೇಳನೆಯ ಕಲಮನ್ನು ನೋಡಿದರೆ ಸತ್ಯವು ಇವೆರಡರ ನಡುವೆ ಇದೆಯೆಂದು ತಿಳಿಯುತ್ತದೆ. ಸಾಮಾನ್ಯ ನಿಯಮದಂತೆ ಹಿಂದೂ ಹೆಂಗಸೊಬ್ಬಳು ಉಯಿಲು ಬರೆಯದೆ ತೀರಿಕೊಂಡರೆ, ಅವಳ ಆಸ್ತಿಯು ಮೊದಲು ಮಕ್ಕಳಿಗೂ ಗಂಡನಿಗೂ ಸೇರುತ್ತದೆ. ಅನಂತರ ಗಂಡನ ವಾರಸುದಾರರ ಸರದಿ. ಹೆತ್ತ ತಾಯಿಯ ಸರದಿಯು ಬರುವುದು ಮೂರನೆಯದಾಗಿ. ಅಳಿಯಸಂತಾನದ ಹೆಂಗಸಿಗೆ ಕ್ರಮವು ಬೇರೆ. ಅಲ್ಲಿ ಮಕ್ಕಳ ಜೊತೆಯಲ್ಲಿಯೇ ತಾಯಿಗೆ ಸ್ಥಾನ. ತಂದೆ ಮತ್ತು ಗಂಡನಿಗೆ ಎರಡನೆಯ ಸ್ಥಾನ. ಮೂರನೆಯದು ತಾಯಿಯ ವಾರಸುದಾರರಿಗೆ. ತಾಯಿಯ ಮನೆಯೇ ಮೂಲವೆಂಬ ಹಳೆಯ ಭಾವನೆಯು ಇಡೀ ದೇಶದ ಶಾಸನದೊಳಗೆ ಒಂದು ಮೂಲೆಯಲ್ಲಿ ಹೀಗೆ ಉಳಿದಿದೆ. ಯಾವುದನ್ನು ಬದಲಿಸಬೇಕು, ಯಾವುದನ್ನು ಉಳಿಸಬೇಕು ಎಂದು ಯಾರೋ ಯೋಚಿಸಿ ಬರೆದಿರುವುದು ಇದರಿಂದ ಸ್ಪಷ್ಟವಾಗುತ್ತದೆ. ಈ ಕಲಮುಗಳ ಒಂದೊಂದು ಮಾತೂ ಮೂಲ ಮಸೂದೆಯಲ್ಲಿತ್ತೇ, ಜಂಟಿ ಸಮಿತಿಯು ಅದನ್ನು ಹೇಗೆ ತಿದ್ದಿತು, ಸದನದಲ್ಲಿ ಕರಾವಳಿಯ ಸದಸ್ಯರು ಏನು ನುಡಿದರು ಎಂಬ ಪ್ರಶ್ನೆಗಳನ್ನು ಮಸೂದೆ, ವರದಿ, ಚರ್ಚೆ ಈ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ಓದುವುದರಿಂದಲೇ ಬಿಡಿಸಬೇಕು.

ಶಾಸನದ ಕಥೆಯು ಅಂಕಿತದೊಡನೆ ಮುಗಿಯುವುದಿಲ್ಲ. ನಿಸ್ಸಂತತಿ ಕವರಿಗೆ ಸೇರಿದವನೊಬ್ಬನು 1956ರ ಬಳಿಕ ತೀರಿಕೊಂಡರೆ, ಅವನ ಅವಿಭಕ್ತ ಪಾಲು 1949ರ ಕಾನೂನಿನಂತೆ ಜೀವಿತಾವಧಿಯೊಡನೆ ಮುಗಿಯುವುದೇ, 1956ರ ಕಾನೂನಿನಂತೆ ವಾರಸುದಾರರಿಗೆ ಪೂರ್ಣವಾಗಿ ಸಲ್ಲುವುದೇ ಎಂಬ ಪ್ರಶ್ನೆಯು ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. 1979ರಲ್ಲಿ ಆ ನ್ಯಾಯಾಲಯವು ಏಳನೆಯ ಕಲಮಿನ ವಿವರಣೆಯನ್ನು ಆಧರಿಸಿ, ಅದು ಪೂರ್ಣ ಹಕ್ಕಿನಿಂದ ಸಲ್ಲುವುದೆಂದು ತೀರ್ಮಾನಿಸಿತು. ಎರಡು ಶಾಸನಗಳ ನಡುವಿನ ಏಳು ವರ್ಷಗಳ ಅಂತರವನ್ನು ಅರಿಯದವನಿಗೆ ಈ ತೀರ್ಪಿನ ಅರ್ಥವಾಗುವುದು ಕಷ್ಟ.

ಇಲ್ಲಿ ಕರಾವಳಿಯ ಸಂಶೋಧಕನಿಗೆ ಒದಗುವ ವಿಶೇಷ ತೊಡಕೊಂದನ್ನೂ ಹೇಳಬೇಕು. ಅವನ ಊರು ಕದಲದೆ ನಿಂತಿದೆ. ಅದನ್ನು ಆಳಿದ ರಾಜಧಾನಿ ಮಾತ್ರ ಬದಲಾಗಿದೆ. 1956ರ ನವೆಂಬರ್ 1ರವರೆಗೆ ಉಡುಪಿ, ಕಾರ್ಕಳಗಳಿಗೆ ಶಾಸನ ಬರುತ್ತಿದ್ದುದು ಮದರಾಸಿನಿಂದ. ಅಂದಿನಿಂದ ಮೈಸೂರು ರಾಜ್ಯ. 1973ರಿಂದ ಅದೇ ಕರ್ನಾಟಕ. ಉಡುಪಿ ಜಿಲ್ಲೆಯಾದುದು 1997ರಲ್ಲಿ. ಹೀಗಾಗಿ ಒಂದೇ ಮನೆಯ ಒಂದೇ ಆಸ್ತಿಯ ಇತಿಹಾಸಕ್ಕಾಗಿ 1949ರ ಚರ್ಚೆಯನ್ನು ಚೆನ್ನೈಯಲ್ಲಿಯೂ, 1956ರ ಚರ್ಚೆಯನ್ನು ದೆಹಲಿಯಲ್ಲಿಯೂ, ಮುಂದಿನ ತಿದ್ದುಪಡಿಗಳನ್ನು ಬೆಂಗಳೂರಿನಲ್ಲಿಯೂ ಅರಸಬೇಕು. ಒಂದು ಕಾಲದಲ್ಲಿ ಇದೇ ಜಿಲ್ಲೆಗೆ ಸೇರಿದ್ದ ಕಾಸರಗೋಡು 1956ರಲ್ಲಿ ಕೇರಳದ ಪಾಲಾಯಿತು. ಕೇರಳವು 1976ರ ಡಿಸೆಂಬರ್ 1ರಿಂದ ಹಿಂದೂ ಅವಿಭಕ್ತ ಕುಟುಂಬ ಪದ್ಧತಿಯನ್ನೇ ರದ್ದುಗೊಳಿಸಿತು. ಒಂದೇ ಮೂಲದ ಎರಡು ಮನೆಗಳು ಗಡಿಯ ಈಚೆಗೊಂದು ಆಚೆಗೊಂದು ಇದ್ದರೆ, ಅವುಗಳ ಕಾನೂನು ಬೇರೆ ಬೇರೆ. ಊರಿನ ಹೆಸರನ್ನಷ್ಟೇ ನೋಡಿದರೆ ಸಾಲದು, ಆ ವರ್ಷದಲ್ಲಿ ಆ ಊರು ಎಲ್ಲಿತ್ತೆಂಬುದನ್ನೂ ನೋಡಬೇಕು.

ವರ್ಷ ತಿಂಗಳುಗಳ ಲೆಕ್ಕವು ಎಷ್ಟು ಮುಖ್ಯವೆಂಬುದಕ್ಕೆ ಮಣಿಪಾಲವು ಇನ್ನೊಂದು ನಿದರ್ಶನವನ್ನು ಒದಗಿಸುತ್ತದೆ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂಬ ಸಂಸ್ಥೆಯು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ, ಬಡವರ ಬಾಗಿಲಿಗೆ ಹೋಗಿ ದಿನದಿನದ ಚಿಲ್ಲರೆ ಉಳಿತಾಯವನ್ನು ಸಂಗ್ರಹಿಸಿತು. ಮುಂದೆ ಮಣಿಪಾಲದಲ್ಲಿ ನೆಲೆಸಿ, 1964ರಲ್ಲಿ ಸಿಂಡಿಕೇಟ್ ಬ್ಯಾಂಕ್ ಎಂಬ ಹೆಸರನ್ನು ತಳೆಯಿತು. 1969ರ ಜುಲೈ 19ರಂದು ಹೊರಟ ಅಧ್ಯಾದೇಶದಿಂದ ಅದೂ ಸೇರಿದಂತೆ 14 ಬ್ಯಾಂಕುಗಳು ರಾಷ್ಟ್ರೀಕರಣಗೊಂಡವು. ಸಂಸತ್ತಿನ ಅಧಿವೇಶನಕ್ಕೆ ಆಗ ಉಳಿದಿದ್ದುದು ಎರಡೇ ದಿನ. ಆಗಸ್ಟಿನಲ್ಲಿ ಸಂಸತ್ತು ಅಧ್ಯಾದೇಶದ ಬದಲಿಗೆ ಅಧಿನಿಯಮವನ್ನು ಮಾಡಿತು. 1970ರ ಫೆಬ್ರವರಿ 10ರಂದು ಸರ್ವೋಚ್ಚ ನ್ಯಾಯಾಲಯವು ಆ ಅಧಿನಿಯಮವನ್ನು ಅಸಿಂಧುವೆಂದು ಸಾರಿತು. ಈ 14 ಬ್ಯಾಂಕುಗಳನ್ನು ಮಾತ್ರ ಬ್ಯಾಂಕಿನ ವ್ಯವಹಾರದಿಂದ ತಡೆದುದು ತಾರತಮ್ಯವೆಂದೂ, ಪರಿಹಾರವನ್ನು ನಿರ್ಧರಿಸಿದ ರೀತಿಯು ಸರಿಯಲ್ಲವೆಂದೂ ಅದು ಹೇಳಿತು. ನಾಲ್ಕೇ ದಿನಗಳಲ್ಲಿ ಹೊಸ ಅಧ್ಯಾದೇಶವು ಹೊರಟಿತು. ಬಳಿಕ 1970ರ 5ನೆಯ ಅಧಿನಿಯಮವು ಬಂದಿತು. ಪ್ರತಿಯೊಂದು ಬ್ಯಾಂಕಿಗೂ ಸಲ್ಲಬೇಕಾದ ಪರಿಹಾರದ ಮೊತ್ತವನ್ನು ಅದರಲ್ಲಿಯೇ ಬರೆಯಲಾಯಿತು. ಅದು ಹಿಂದಿನ ಜುಲೈ 19ರಿಂದಲೇ ಜಾರಿಗೆ ಬಂದಂತೆ ಭಾವಿಸತಕ್ಕದ್ದೆಂದೂ ಹೇಳಲಾಯಿತು. ಬ್ಯಾಂಕುಗಳು 1969ರಲ್ಲಿ ರಾಷ್ಟ್ರೀಕರಣಗೊಂಡವೆಂದು ಎಲ್ಲರೂ ಹೇಳುತ್ತಾರೆ. ಆದರೆ ಅವುಗಳನ್ನು ಆಳುವ ಶಾಸನವು 1970ರದು. ಈ ಕಥೆಯನ್ನು ಅರಿಯದವನು 1969ರ ಅಧಿನಿಯಮವನ್ನೇ ಹಿಡಿದು ಕುಳಿತರೆ ಅವನ ಕೈಯಲ್ಲಿರುವುದು ಜೀವವಿಲ್ಲದ ಕಾಗದ.

ಆ 1970ರ ಅಧಿನಿಯಮದ ಒಂಬತ್ತನೆಯ ಕಲಮಿನಲ್ಲಿ ಇನ್ನೊಂದು ಅಧಿಕಾರವೂ ಅಡಗಿತ್ತು. ಬ್ಯಾಂಕುಗಳನ್ನು ಒಂದರಲ್ಲೊಂದು ವಿಲೀನಗೊಳಿಸುವ ಯೋಜನೆಯನ್ನು ಕೇಂದ್ರ ಸರ್ಕಾರವು ರೂಪಿಸಬಹುದೆಂದು ಅಲ್ಲಿ ಹೇಳಿದೆ. ಐವತ್ತು ವರ್ಷಗಳ ಬಳಿಕ, 2020ರ ಏಪ್ರಿಲ್ 1ರಂದು, ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನಗೊಂಡುದು ಆ ಕಲಮಿನ ಬಲದಿಂದಲೇ. ಊರಿನ ಹಳೆಯ ಸಂಸ್ಥೆಯ ಹೆಸರು ಅಳಿದಾಗ ಜನರು ನೊಂದುಕೊಂಡರು. ಆದರೆ ಅದಕ್ಕೆ ದಾರಿಯಾದ ಕಲಮು ಅರ್ಧ ಶತಮಾನದಿಂದ ಎಲ್ಲರ ಕಣ್ಣೆದುರಿಗೇ ಇತ್ತು. ಶಾಸನವನ್ನು ಅದು ಹುಟ್ಟುವಾಗಲೇ ಓದದವರು ಅದು ಕೆಲಸ ಮಾಡುವಾಗ ಬೆರಗಾಗುತ್ತಾರೆ.

ಮೂಲವನ್ನು ಹುಡುಕುವವನು ಒಂದು ಎಚ್ಚರಿಕೆಯನ್ನು ಮರೆಯಬಾರದು. ಸದನದಲ್ಲಿ ಒಬ್ಬ ಸದಸ್ಯನು ಆಡಿದ ಮಾತು ಕಾನೂನಲ್ಲ. ಹಲವರು ಹಲವು ಕಾರಣಗಳಿಂದ ಒಂದು ಮಸೂದೆಗೆ ಮತ ಕೊಡುತ್ತಾರೆ; ಮೌನವಾಗಿ ಕೈಯೆತ್ತಿದವನ ಮನಸ್ಸು ಯಾವ ಪುಸ್ತಕದಲ್ಲಿಯೂ ಅಚ್ಚಾಗಿರುವುದಿಲ್ಲ. ಆದಕಾರಣ ಭಾರತದ ಸರ್ವೋಚ್ಚ ನ್ಯಾಯಾಲಯವು 1950ರ ದಶಕದ ಆರಂಭದಲ್ಲಿ ಸದನದ ಭಾಷಣಗಳಿಂದ ಶಾಸನಕ್ಕೆ ಅರ್ಥ ಹೇಳಬಾರದೆಂದೇ ಅಭಿಪ್ರಾಯಪಟ್ಟಿತ್ತು. 1981ರ ತೀರ್ಪೊಂದರಲ್ಲಿ ಅದು ಈ ಕಟ್ಟುನಿಟ್ಟನ್ನು ಸಡಿಲಿಸಿ, ಮಸೂದೆಯನ್ನು ಮಂಡಿಸಿದವರ ಮಾತಿನಿಂದ ಶಾಸನದ ಉದ್ದೇಶವನ್ನು ಅರಿಯಬಹುದೆಂದು ಒಪ್ಪಿಕೊಂಡಿತು. ಕಲಮಿನ ಮಾತು ಸ್ಪಷ್ಟವಾಗಿದ್ದರೆ ಆ ಮಾತೇ ಪ್ರಮಾಣ. ಅದು ಎರಡು ಅರ್ಥಕ್ಕೆ ಎಡೆಗೊಟ್ಟಾಗ ಇತಿಹಾಸವು ದೀಪ ಹಿಡಿಯುತ್ತದೆ. ತನಗೆ ಬೇಕಾದ ಒಂದು ಭಾಷಣವನ್ನು ಆರಿಸಿಕೊಂಡು ಬೇಡವಾದ ಹತ್ತನ್ನು ಮುಚ್ಚಿಡುವವನು ಸಂಶೋಧಕನಲ್ಲ, ಅವನು ಕಕ್ಷಿಗಾರ.

ಇವೆಲ್ಲ ವಕೀಲರ ಕೆಲಸ, ಸಾಮಾನ್ಯ ಜನರಿಗೆ ಇದರಿಂದ ಏನು ಪ್ರಯೋಜನ ಎಂದು ಕೆಲವರು ಕೇಳಬಹುದು. ವ್ಯಾಜ್ಯವನ್ನು ನಡೆಸುವುದು ವಕೀಲರ ಕೆಲಸ ಹೌದು. ಆದರೆ ಪ್ರಜಾಪ್ರಭುತ್ವದಲ್ಲಿ ಶಾಸನವು ಪ್ರಜೆಗಳ ಹೆಸರಿನಲ್ಲಿ ನಡೆಯುವ ಕೆಲಸ. ತನ್ನ ಹೆಸರಿನಲ್ಲಿ ಆದ ಪತ್ರವನ್ನು ಓದದೆ ಸಹಿ ಹಾಕುವವನನ್ನು ಲೋಕವು ಜಾಣನೆನ್ನುವುದಿಲ್ಲ. ತನ್ನ ಪ್ರತಿನಿಧಿಯು ಏನು ನುಡಿದನು, ಯಾವುದಕ್ಕೆ ಒಪ್ಪಿದನು ಎಂಬುದನ್ನು ಒಮ್ಮೆಯೂ ನೋಡದ ಮತದಾರನ ಸ್ಥಿತಿಯೂ ಅದೇ. ಕಾನೂನಿನ ಬಗೆಗಿನ ಗಾಳಿಮಾತು ಕುಟುಂಬಗಳನ್ನು ಒಡೆಯುತ್ತದೆ. ಅಣ್ಣತಮ್ಮಂದಿರನ್ನೂ ಮಾವ ಅಳಿಯಂದಿರನ್ನೂ ವರ್ಷಗಟ್ಟಲೆ ನ್ಯಾಯಾಲಯದ ಮೆಟ್ಟಿಲು ಹತ್ತಿಸುತ್ತದೆ. ಎರಡು ಪುಟದ ಕಲಮನ್ನೂ ನಾಲ್ಕು ಪುಟದ ವರದಿಯನ್ನೂ ಒಟ್ಟಿಗೆ ಕುಳಿತು ಓದಿದ್ದರೆ ಅವುಗಳಲ್ಲಿ ಕೆಲವಾದರೂ ಮನೆಯ ಚಾವಡಿಯಲ್ಲಿಯೇ ಮುಗಿಯಬಹುದಾಗಿತ್ತು.

ಓದುವುದಕ್ಕೆ ದೊಡ್ಡ ಅಡ್ಡಿಯೆಂದರೆ ಭಾಷೆ. 1973ರಲ್ಲಿ ಸಂಸತ್ತು ಮಾಡಿದ ಅಧಿನಿಯಮವೊಂದರ ಪ್ರಕಾರ, ಕೇಂದ್ರ ಶಾಸನಗಳ ಕನ್ನಡ ಅನುವಾದವು ರಾಷ್ಟ್ರಪತಿಗಳ ಅಧಿಕಾರದಿಂದ ರಾಜ್ಯಪತ್ರದಲ್ಲಿ ಪ್ರಕಟವಾದರೆ, ಅದನ್ನು ಅಧಿಕೃತ ಪಾಠವೆಂದೇ ಎಣಿಸಬೇಕು. ಇದು ಕನ್ನಡಕ್ಕೆ ಸಂದ ಗೌರವ. ಆದರೆ ಆ ಶಾಸನಗಳ ಹಿಂದಿನ ವರದಿಗಳೂ ಚರ್ಚೆಗಳೂ ಹೆಚ್ಚಾಗಿ ಇಂಗ್ಲಿಷ್ ಮತ್ತು ಹಿಂದಿಯಲ್ಲಿಯೇ ಉಳಿದಿವೆ. ಹಣ್ಣನ್ನು ಕೊಟ್ಟು ಮರವನ್ನು ಮರೆಮಾಡಿದಂತೆ ಇದು. ಕನಿಷ್ಠ ಪಕ್ಷ ಜನರ ಬದುಕನ್ನು ನೇರವಾಗಿ ತಟ್ಟುವ ಶಾಸನಗಳ ಉದ್ದೇಶ ಮತ್ತು ಕಾರಣಗಳ ಹೇಳಿಕೆಗಳನ್ನೂ ಸಮಿತಿಗಳ ವರದಿಗಳನ್ನೂ ಕನ್ನಡಕ್ಕೆ ತಂದು, ತಾಲ್ಲೂಕು ಕೇಂದ್ರಗಳ ಗ್ರಂಥಾಲಯಗಳಲ್ಲಿ ಇರಿಸುವುದು ಅಗತ್ಯ. ಸಂಸತ್ತಿನ ಚರ್ಚೆಗಳು ಇಂದು ಗಣಕಯಂತ್ರದ ಮೂಲಕ ಮನೆಯಲ್ಲಿಯೇ ದೊರೆಯುತ್ತವೆಂಬುದು ಸಂತೋಷದ ಸಂಗತಿ. ಆದರೆ ಕೈಗೆ ಎಟುಕಿದುದೆಲ್ಲ ಮನಸ್ಸಿಗೆ ಎಟುಕುವುದಿಲ್ಲ. ಅದಕ್ಕೆ ತಿಳಿದ ಭಾಷೆಯ ಆಸರೆ ಬೇಕು.

ಈ ಕೆಲಸಕ್ಕೆ ಮಾದರಿಯೂ ಈ ನೆಲದವರಿಂದಲೇ ಬಂದಿದೆ. ನರಸಿಂಗ ರಾಯರ ಸೋದರ ಬಿ. ಶಿವರಾಯರು ಸಂವಿಧಾನವು ರೂಪುಗೊಂಡ ಬಗೆಯನ್ನು ತಿಳಿಸುವ ಕರಡುಗಳನ್ನೂ ಟಿಪ್ಪಣಿಗಳನ್ನೂ ವರದಿಗಳನ್ನೂ ಸಂಗ್ರಹಿಸಿ, 1966ರಿಂದ 1968ರ ಅವಧಿಯಲ್ಲಿ ಐದು ಸಂಪುಟಗಳಲ್ಲಿ ಹೊರತಂದರು. ಅಣ್ಣನು ಶಾಸನವನ್ನು ರಚಿಸಲು ನೆರವಾದನು, ತಮ್ಮನು ಅದರ ಮೂಲವನ್ನು ಕಾಪಿಟ್ಟನು. ಮೊದಲನೆಯ ಕೆಲಸದಿಂದ ದೇಶಕ್ಕೆ ಕಾನೂನು ದೊರೆಯಿತು. ಎರಡನೆಯದರಿಂದ ಆ ಕಾನೂನನ್ನು ಅರಿಯುವ ದಾರಿ ದೊರೆಯಿತು. ಎರಡೂ ದೇಶಸೇವೆಯೇ.

ವಿದ್ಯಾರ್ಥಿಗಳು ಇದನ್ನು ದೊಡ್ಡವರಿಗೇ ಬಿಟ್ಟುಬಿಡಬೇಕಾಗಿಲ್ಲ. ಪತ್ರಿಕೆಯಲ್ಲಿ ಹೊಸ ಕಾನೂನಿನ ಸುದ್ದಿಯನ್ನು ಕಂಡಾಗ ಅದರ ಸಂಖ್ಯೆಯನ್ನೂ ವರ್ಷವನ್ನೂ ಬರೆದಿಟ್ಟುಕೊಳ್ಳಬಹುದು. ಅದು ಯಾವ ಪಟ್ಟಿಗೆ ಸೇರಿದುದು, ಏಕೆ ಬಂದಿತು, ಯಾರು ಏನೆಂದರು ಎಂದು ಕೇಳಬಹುದು. ಹಿರಿಯರು ಕಾನೂನಿನ ಬಗೆಗೆ ಮಾತನಾಡುವಾಗ, ಅದು ಎಲ್ಲಿ ಬರೆದಿದೆಯೆಂದು ವಿನಯದಿಂದ ವಿಚಾರಿಸಬಹುದು. ಕೇಳಿದ ಮಾತನ್ನು ಬರೆದ ಮಾತಿನೊಡನೆ ಒರೆಹಚ್ಚಿ ನೋಡುವ ಅಭ್ಯಾಸವು ಎಳೆಯ ವಯಸ್ಸಿನಲ್ಲಿಯೇ ಬೇರೂರಬೇಕು. ಕಲ್ಲಿನ ಶಾಸನವನ್ನು ಅರಸನೊಬ್ಬನು ಬರೆಯಿಸಿದನು. ಇಂದಿನ ಶಾಸನವನ್ನು ಪ್ರಜೆಗಳೆಲ್ಲರೂ ಸೇರಿ ಬರೆಯಿಸುತ್ತಾರೆ. ತಾವೇ ಬರೆಯಿಸಿದ ಬರಹದ ಮೂಲವನ್ನು ತಾವು ಅರಿತಿರುವುದು ಪ್ರಜೆಗಳ ಹಕ್ಕು. ಅದು ಅವರ ಹೊಣೆಯೂ ಹೌದು.